ಸಭೆಯಲ್ಲಿ ಕೈ ಎತ್ತುವ ಮುನ್ನ



ನಮ್ಮ ಸಂಘದ ನಡಾವಳಿ ಪುಸ್ತಕವನ್ನು ತೆರೆದರೆ ಪುಟಪುಟಕ್ಕೂ ಕಾಣುವ ವಾಕ್ಯ ಒಂದೇ: "ಸರ್ವಾನುಮತದಿಂದ ಅಂಗೀಕರಿಸಲಾಯಿತು." ಓದಲು ಸಂತೋಷವಾಗುವ ಮಾತು. ಆದರೆ ಸಭೆ ಮುಗಿದು ಎಲ್ಲರೂ ಹೊರಗೆ ಬಂದ ಮೇಲೆ "ನನಗೇನೋ ಅದು ಸರಿಕಾಣಲಿಲ್ಲ, ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ" ಎನ್ನುವವರನ್ನೂ ನಾವೆಲ್ಲ ಕಂಡಿದ್ದೇವೆ. ಹೀಗೆ ಹೇಳುವವರು ದಡ್ಡರಲ್ಲ, ಹೇಡಿಗಳೂ ಅಲ್ಲ. ತಮ್ಮ ತೋಟದ ವಿಷಯದಲ್ಲಿ ಯಾರ ಮಾತಿಗೂ ಜಗ್ಗದವರು. ಗುಂಪಿನಲ್ಲಿ ಕುಳಿತಾಗ ಮಾತ್ರ ಅವರ ತೀರ್ಮಾನ ಏಕೆ ಸಡಿಲವಾಗುತ್ತದೆ? ಮುಂಬರುವ ಮಹಾಸಭೆಯಲ್ಲಿ ಡ್ರೈಯರ್ ಕೊಳ್ಳಲು ಸಾಲ ಎತ್ತುವ ವಿಷಯ ಬರಲಿದೆ. ಆದ್ದರಿಂದ ಮನಃಶಾಸ್ತ್ರಜ್ಞರು ಈ ಬಗ್ಗೆ ಕಂಡುಕೊಂಡಿರುವುದನ್ನು ಈಗಲೇ ತಿಳಿಯುವುದು ಒಳ್ಳೆಯದು.

ಗೆರೆಗಳ ಪ್ರಯೋಗ

ಅಮೆರಿಕದ ಮನಃಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದಲ್ಲಿ ಒಂದು ಸರಳ ಪ್ರಯೋಗ ನಡೆಸಿದರು. ಏಳರಿಂದ ಒಂಬತ್ತು ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿ ಎರಡು ಕಾರ್ಡುಗಳನ್ನು ತೋರಿಸುವುದು. ಒಂದರಲ್ಲಿ ಒಂದೇ ಗೆರೆ, ಇನ್ನೊಂದರಲ್ಲಿ ಬೇರೆ ಬೇರೆ ಉದ್ದದ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮ ಎಂದು ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಬೇಕು. ಕಣ್ಣಿದ್ದವರಿಗೆ ತಪ್ಪುವ ಲೆಕ್ಕವೇ ಅಲ್ಲ. ಒಬ್ಬರೇ ಕುಳಿತು ಉತ್ತರಿಸಿದಾಗ ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ.

ಗುಟ್ಟು ಬೇರೆಯೇ ಇತ್ತು. ಆ ಗುಂಪಿನಲ್ಲಿ ನಿಜವಾದ ಪರೀಕ್ಷಾರ್ಥಿ ಒಬ್ಬನೇ. ಉಳಿದವರಿಗೆ, ಕೆಲವು ಸರದಿಗಳಲ್ಲಿ ಎಲ್ಲರೂ ಒಂದೇ ತಪ್ಪು ಉತ್ತರ ಕೊಡಬೇಕೆಂದು ಮೊದಲೇ ಹೇಳಿಕೊಡಲಾಗಿತ್ತು. ಪರೀಕ್ಷಾರ್ಥಿಯ ಸರದಿ ಬರುವುದು ಹೆಚ್ಚುಕಡಿಮೆ ಕೊನೆಗೆ. ಕಣ್ಣು ಒಂದು ಹೇಳುತ್ತದೆ, ಜೊತೆಯವರೆಲ್ಲ ಇನ್ನೊಂದು ಹೇಳುತ್ತಾರೆ. ಹೀಗೆ ಪರೀಕ್ಷೆಗೊಳಗಾದ 123 ಮಂದಿಯ ಉತ್ತರಗಳಲ್ಲಿ ನೂರಕ್ಕೆ ಸುಮಾರು 37 ಗುಂಪಿನ ತಪ್ಪಿನ ಕಡೆಗೇ ವಾಲಿದವು. ಅದೇ ಹೊತ್ತಿಗೆ ಸುಮಾರು ಕಾಲು ಭಾಗದ ಮಂದಿ ಒಂದು ಸಲವೂ ಬಗ್ಗಲಿಲ್ಲ ಎಂಬುದನ್ನೂ ಮರೆಯಬಾರದು.

ಗುಂಪು ಬಹಳ ದೊಡ್ಡದಿರಬೇಕೆಂದೂ ಇಲ್ಲ. ಎದುರಾಳಿ ಒಬ್ಬನೇ ಇದ್ದಾಗ ಪರೀಕ್ಷಾರ್ಥಿ ಹೆಚ್ಚುಕಡಿಮೆ ಅಲುಗಲಿಲ್ಲ. ಇಬ್ಬರಾದಾಗ ತಪ್ಪು ನೂರಕ್ಕೆ 13.6ಕ್ಕೆ ಏರಿತು, ಮೂವರಾದಾಗ 31.8 ಆಯಿತು. ಅಲ್ಲಿಂದ ಮುಂದೆ ಎಷ್ಟೇ ಜನ ಸೇರಿದರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಮೂವರು ಒಂದೇ ದನಿಯಲ್ಲಿ ಮಾತಾಡಿದರೆ ಸಾಕು, ಸಭೆಯ ಗಾಳಿ ಆ ಕಡೆ ಬೀಸಲು ತೊಡಗುತ್ತದೆ.

ಒಪ್ಪಿಗೆಯ ಎರಡು ಬೇರು

1955ರಲ್ಲಿ ಡಾಯ್ಚ್ ಮತ್ತು ಜೆರಾರ್ಡ್ ಎಂಬ ಇಬ್ಬರು ವಿದ್ವಾಂಸರು ಇದಕ್ಕೆ ಎರಡು ಕಾರಣಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು, "ಇಷ್ಟು ಜನರಿಗೆ ತಿಳಿದಿರುವುದು ನನಗೆ ತಿಳಿಯದಿರಬಹುದು" ಎಂಬ ಸಂದೇಹ. ಇನ್ನೊಂದು, ಹತ್ತು ಜನರೆದುರು ಬೇರೆಯಾಗಿ ಕಾಣಬಾರದೆಂಬ ಸಂಕೋಚ. "ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ" ಎಂಬ ನಮ್ಮ ಗಾದೆ ಹುಟ್ಟಿರುವುದೇ ಆ ಎರಡನೆಯ ಬೇರಿನಿಂದ. ಎಡವಟ್ಟ ಎನ್ನಿಸಿಕೊಳ್ಳಲು ಯಾರಿಗೆ ತಾನೆ ಇಷ್ಟ? ನಾಳೆ ಅದೇ ಜನರೊಂದಿಗೆ ಆಳು ಹಂಚಿಕೊಳ್ಳಬೇಕು, ಮದುವೆ ಮುಂಜಿಗೆ ಹೋಗಬೇಕು. ಉತ್ತರವನ್ನು ಹೆಸರಿಲ್ಲದೆ, ಬೇರೆಯವರಿಗೆ ಕಾಣದಂತೆ ಕೊಡಲು ಬಿಟ್ಟಾಗ ಗುಂಪಿನ ಹಿಡಿತ ಬಹಳ ಸಡಿಲಿತು. ಆದರೆ ಪೂರ್ತಿ ಹೋಗಲಿಲ್ಲ, ಏಕೆಂದರೆ ಸಂದೇಹದ ಬೇರು ಆಗಲೂ ಉಳಿದಿರುತ್ತದೆ.

ಇದು ಅಮೆರಿಕದ ಹುಡುಗರ ವಿಚಾರ ಎಂದು ತಳ್ಳಿಹಾಕುವಂತಿಲ್ಲ. 17 ದೇಶಗಳಲ್ಲಿ ನಡೆದ ಇಂಥ 133 ಅಧ್ಯಯನಗಳನ್ನು 1996ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ವ್ಯಕ್ತಿಗಿಂತ ಸಮುದಾಯಕ್ಕೆ ಹೆಚ್ಚು ಬೆಲೆ ಕೊಡುವ ಸಮಾಜಗಳಲ್ಲಿ ಈ ಪ್ರವೃತ್ತಿ ಇನ್ನೂ ಹೆಚ್ಚೆಂದು ಕಂಡುಬಂತು.

ನೆರೆಯವರನ್ನು ನೋಡಿ ಕಲಿಯುವುದು ತಪ್ಪೇ?

ಖಂಡಿತ ಅಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹೇಗೆ ಹರಡಿತೆಂದು ರಯಾನ್ ಮತ್ತು ಗ್ರಾಸ್ ಎಂಬುವರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ರೈತರಿಗೆ ಹೊಸ ಬೀಜದ ಸುದ್ದಿ ಹೆಚ್ಚಾಗಿ ಬಂದದ್ದು ಮಾರಾಟಗಾರರಿಂದ, ನಂಬಿಕೆ ಹುಟ್ಟಿದ್ದು ಮಾತ್ರ ನೆರೆಯವರ ಹೊಲ ನೋಡಿ. 259 ರೈತರಲ್ಲಿ 1941ರ ಹೊತ್ತಿಗೆ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಅದನ್ನು ಬಿತ್ತಿದ್ದರು. ಅವರಿಗೆ ಅದರಿಂದ ಒಳ್ಳೆಯದೇ ಆಯಿತು.

ನಮ್ಮ ಕಡೆಯ ವೆನಿಲ್ಲಾದ ಕತೆ ಬೇರೆ. 2000ದಲ್ಲಿ ಮಡಗಾಸ್ಕರಿನಲ್ಲಿ ಚಂಡಮಾರುತ ಬೀಸಿ ಅಲ್ಲಿನ ಬೆಳೆ ಹಾಳಾದ ಮೇಲೆ ಬೆಲೆ ಏರತೊಡಗಿ, 2003ರ ವೇಳೆಗೆ ಹಸಿ ಕೋಡಿಗೇ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿ ಬಂತು. ಪಕ್ಕದವರು ನೆಟ್ಟರೆಂದು ಇವರು ನೆಟ್ಟರು, ಇವರು ನೆಟ್ಟರೆಂದು ಇನ್ನೊಬ್ಬರು ನೆಟ್ಟರು. ಬಳ್ಳಿ ನೆಟ್ಟು ಕೋಡು ಕೊಯ್ಯಲು ಸುಮಾರು ಮೂರು ವರ್ಷ ಬೇಕು. ಅಷ್ಟರಲ್ಲಿ ಮಡಗಾಸ್ಕರಿನ ಬೆಳೆ ಚೇತರಿಸಿಕೊಂಡು ಬೆಲೆ ಕುಸಿದಿತ್ತು.

ಈ ಎರಡರ ನಡುವಣ ವ್ಯತ್ಯಾಸವನ್ನು ಗಮನಿಸಿ. ಅಯೋವಾದ ರೈತ ನೋಡಿದ್ದು ನೆರೆಯವನ ಫಸಲನ್ನು. ವೆನಿಲ್ಲಾದಲ್ಲಿ ನಮ್ಮಲ್ಲಿ ಅನೇಕರು ನೋಡಿದ್ದು ನೆರೆಯವರ ನಾಟಿಯನ್ನು. ಫಸಲು ಸಾಕ್ಷಿ, ನಾಟಿ ಸಾಕ್ಷಿಯಲ್ಲ. ಸಭೆಯಲ್ಲಿ ಎತ್ತಿದ ಕೈಗಳೂ ಹಾಗೆಯೇ. ಪ್ರತಿಯೊಬ್ಬರೂ ತಮ್ಮ ಅನುಭವದಿಂದ ತೂಗಿ ಎತ್ತಿದ ಐವತ್ತು ಕೈಗಳು ಐವತ್ತು ಅಭಿಪ್ರಾಯ. ಮೂವರನ್ನು ನೋಡಿ ಎತ್ತಿದ ಐವತ್ತು ಕೈಗಳು ಮೂರೇ ಅಭಿಪ್ರಾಯ.

ಒಬ್ಬ ಜೊತೆಗಾರನ ಬೆಲೆ

ಆಶ್ ಅವರ ಪ್ರಯೋಗದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಭಾಗ ಇನ್ನೂ ಇದೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಕೊಡುವ ಜೊತೆಗಾರ ಸಿಕ್ಕಾಗ, ಪರೀಕ್ಷಾರ್ಥಿ ಮಾಡುವ ತಪ್ಪು ಕಾಲುಭಾಗಕ್ಕೆ ಇಳಿಯಿತು. ಅಷ್ಟೇ ಅಲ್ಲ, ಆ ಒಬ್ಬ ಬಹುಮತಕ್ಕಿಂತಲೂ ಹೆಚ್ಚು ತಪ್ಪಾದ ಉತ್ತರ ಹೇಳಿದಾಗಲೂ ಪರೀಕ್ಷಾರ್ಥಿಯ ತಪ್ಪು ನೂರಕ್ಕೆ 9ಕ್ಕೆ ಇಳಿಯಿತು. ಅಂದರೆ, ಭಿನ್ನಮತ ಹೇಳುವವರು ಸರಿಯೇ ಇರಬೇಕೆಂದಿಲ್ಲ. ಅವರು ಬಾಯಿ ತೆರೆದರೆ ಉಳಿದವರಿಗೆ ತಮ್ಮ ಕಣ್ಣನ್ನು ನಂಬುವ ಧೈರ್ಯ ಬರುತ್ತದೆ. ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವ ಸದಸ್ಯರನ್ನು "ತಕರಾರಿನವರು" ಎಂದು ನಗುವ ಮುನ್ನ ಇದನ್ನು ನೆನೆಯಬೇಕು.

ನಾವು ಮಾಡಬಹುದಾದದ್ದು

ಡ್ರೈಯರ್ ಬೇಕೆಂಬುದು ನನ್ನ ಸ್ವಂತ ಅಭಿಪ್ರಾಯ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಣದಲ್ಲಿ ಹರಡಿದ ಕಾಫಿ, ಅಂಗಳದ ಅಡಿಕೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಆದರೆ ಸಾಲ ತೀರಿಸಬೇಕಾದವರು ನಾವೆಲ್ಲರೂ. ಸಾಕಷ್ಟು ಮಾಲು ಯಂತ್ರಕ್ಕೆ ಬರದಿದ್ದರೆ ಕಂತಿನ ಹೊರೆ ಸಂಘದ ಮೇಲೆ ಬೀಳುತ್ತದೆ. ಕೈ ಎತ್ತಿ ಒಪ್ಪಿದವರು ಮನಸ್ಸಿನಲ್ಲಿ ಒಪ್ಪದಿದ್ದರೆ, ಮಾಲು ತರುವ ದಿನ ಅವರು ಬರುವುದಿಲ್ಲ. ಸರ್ವಾನುಮತದ ಠರಾವು ಆಗ ಯಾವ ಪ್ರಯೋಜನಕ್ಕೂ ಬಾರದು. ಆದ್ದರಿಂದ ಈ ಬಾರಿ ಹೀಗೆ ಮಾಡಬೇಕೆಂದು ಸೂಚಿಸುತ್ತೇನೆ:

1. ಸಾಲದ ಮೊತ್ತ, ಬಡ್ಡಿ, ಕಂತು, ಬೇಕಾಗುವ ಮಾಲಿನ ಪ್ರಮಾಣ ಇವುಗಳ ಲೆಕ್ಕ ಸಭೆಗೆ ಮೊದಲೇ ಪ್ರತಿಯೊಬ್ಬ ಸದಸ್ಯರ ಕೈಸೇರಬೇಕು.

2. ಚರ್ಚೆ ಆರಂಭವಾಗುವ ಮುನ್ನವೇ ಬೇಕು, ಬೇಡ ಎಂಬುದನ್ನೂ ಕಾರಣವನ್ನೂ ಹೆಸರಿಲ್ಲದ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು. ಚೀಟಿಗಳನ್ನು ಸಭೆಯಲ್ಲೇ ಓದಿ ಹೇಳಬೇಕು.

3. ಅಧ್ಯಕ್ಷರು, ನಿರ್ದೇಶಕರು ಮತ್ತು ಕಾರ್ಯದರ್ಶಿ ಕೊನೆಯಲ್ಲಿ ಮಾತಾಡಬೇಕು.

4. ಮತಕ್ಕೆ ಹಾಕುವಾಗ ವಿರೋಧವಿರುವವರನ್ನು ಮೊದಲು ಕೇಳಬೇಕು. ಅವರ ಕಾರಣಗಳನ್ನು ನಡಾವಳಿಯಲ್ಲಿ ಬರೆಯಬೇಕು.

ಇದರಿಂದ ಸಭೆ ಒಂದು ಗಂಟೆ ಉದ್ದವಾದೀತು. ಸರ್ವಾನುಮತ ತಪ್ಪಿ ಮೂವತ್ತಕ್ಕೆ ಇಪ್ಪತ್ತು ಎಂದಾದರೂ ಆದೀತು. ಆದರೆ ಆ ಮೂವತ್ತು ಮಂದಿ ನಿಜವಾಗಿ ಯಂತ್ರಕ್ಕೆ ಮಾಲು ತರುವ ಮೂವತ್ತು ಮಂದಿ ಎಂದು ನಂಬಿ ನಾವು ಲೆಕ್ಕ ಹಾಕಬಹುದು. ಡ್ರೈಯರ್ ಬೇಡವೆಂದೇ ತೀರ್ಮಾನವಾದರೆ, ಸಾಲ ಮಾಡುವ ಮೊದಲೇ ಅದು ತಿಳಿದಂತಾಗುತ್ತದೆ.

ಈ ಸಂಚಿಕೆಯೊಂದಿಗೆ ಒಂದು ಖಾಲಿ ಚೀಟಿ ಇಟ್ಟಿದೆ. ಮನೆಯಲ್ಲಿ ಕುಳಿತು, ಲೆಕ್ಕ ನೋಡಿ, ಯಾರನ್ನೂ ಕೇಳದೆ ತುಂಬಿ ತನ್ನಿರೆಂದು ವಿನಂತಿ.

— ಕಾರ್ಯದರ್ಶಿ