ಬಿಪಿ ಮಾತ್ರೆ ಮತ್ತು ಗೌಟ್: ತಪ್ಪು ಕಲ್ಪನೆ, ಸತ್ಯ

ಬಿಪಿ ಮಾತ್ರೆ ತಿಂದರೆ ಕೀಲು ಊದಿ ನೋಯುವ ಗೌಟ್ ಬರುತ್ತದೆ, ಆದ್ದರಿಂದ ಮಾತ್ರೆಯನ್ನೇ ಬಿಟ್ಟುಬಿಡಬೇಕು ಎಂಬ ಮಾತು ಬೋರನಕಣಿವೆ, ತಿಪಟೂರಿನ ತೆಂಗಿನ ಸೀಮೆಯಲ್ಲಿ ಹೊಸದೇನಲ್ಲ. ಈ ಮಾತಿನ ಮೊದಲರ್ಧದಲ್ಲಿ ಸ್ವಲ್ಪ ಸತ್ಯವಿದೆ. ಎರಡನೆಯ ಅರ್ಧ ಪ್ರಾಣಕ್ಕೇ ಎರವಾಗುವಂಥದ್ದು.

ಬಿಪಿ ಮಾತ್ರೆಗಳೆಲ್ಲ ಒಂದೇ ಔಷಧಿಯಲ್ಲ. ಗೌಟ್‌ಗೆ ಹೆಚ್ಚು ದಾರಿ ಮಾಡಿಕೊಡುವುದು ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆಗಳು. ಇವು ಉಪ್ಪು, ನೀರನ್ನು ಹೊರಹಾಕುತ್ತವೆ, ಆದರೆ ಯೂರಿಕ್ ಆಮ್ಲ ರಕ್ತದಲ್ಲೇ ಉಳಿಯುವಂತೆ ಮಾಡುತ್ತವೆ. ಅದು ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದಾಗ ಕೀಲಿನಲ್ಲಿ ಹರಳುಗಟ್ಟಬಹುದು. ಮಾತ್ರೆ ಪಟ್ಟಿಯ ಮೇಲೆ ಹೆಸರಿನ ಕೊನೆಗೆ ‘ಎಚ್’ ಅಕ್ಷರವಿದ್ದರೆ ಅದರಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಜೈಡ್ ಬೆರೆತಿರುತ್ತದೆ. ಲೋಸಾರ್ಟಾನ್‌ನದು ಇದಕ್ಕೆ ತದ್ವಿರುದ್ಧ ಗುಣ: ಅದು ಯೂರಿಕ್ ಆಮ್ಲವನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ.

ಬ್ರಿಟನ್ನಿನ 24,768 ಹೊಸ ಗೌಟ್ ರೋಗಿಗಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿಪಿ ಇರುವವರಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಗೌಟ್ ಅಪಾಯ ಎರಡು ಪಟ್ಟಿಗೂ ಮಿಗಿಲಾಗಿತ್ತು. ಬೀಟಾ ಬ್ಲಾಕರ್ ಮತ್ತಿತರ ಕೆಲವು ಗುಂಪುಗಳಲ್ಲಿ ಅಪಾಯ ತುಸು ಹೆಚ್ಚಿತ್ತು. ಲೋಸಾರ್ಟಾನ್‌ನಲ್ಲಿ ಹಾಗೂ ಅಮ್ಲೋಡಿಪಿನ್ ಗುಂಪಿನ ಮಾತ್ರೆಗಳಲ್ಲಿ ಅದು ಕಡಿಮೆಯೇ ಇತ್ತು. ಇಷ್ಟು ಸ್ಪಷ್ಟವಾಗಿರುವಾಗಲೂ ಎಲ್ಲ ಮಾತ್ರೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಅಮ್ಲೋಡಿಪಿನ್‌ನ ಮೇಲೆ ಬರುವ ಗೌಟ್‌ನ ಆರೋಪಕ್ಕೆ ಕಾರಣ ಕಾಲಿನ ಊತ. ಅದು ಎರಡೂ ಹರಡಿನ ಬಳಿ ಸಂಜೆ ಹೊತ್ತಿಗೆ ಕಾಣುತ್ತದೆ, ನೋಯುವುದಿಲ್ಲ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಗೌಟ್ ಸಾಮಾನ್ಯವಾಗಿ ಒಂದೇ ಕಾಲಿನ ಹೆಬ್ಬೆರಳ ಬುಡಕ್ಕೆ, ಹೆಚ್ಚಾಗಿ ರಾತ್ರಿ ಹೊತ್ತು ಬರುತ್ತದೆ. ಬೆರಳು ಕೆಂಪೇರಿ ಕಾಯುತ್ತದೆ, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದವರು ಮಾತ್ರೆ ಬಿಟ್ಟು ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ನುಂಗುತ್ತಾರೆ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಬಿಪಿಯನ್ನು ಇನ್ನಷ್ಟು ಏರಿಸುತ್ತದೆ, ಮೂತ್ರಪಿಂಡವನ್ನೂ ಕೆಡಿಸಬಹುದು. ಹತೋಟಿ ತಪ್ಪಿದ ಬಿಪಿಯಿಂದ ಲಕ್ವ ಹೊಡೆದರೆ ಹೋದ ಕೈಕಾಲಿನ ಶಕ್ತಿ ಪೂರ್ತಿ ಮರಳುವ ಭರವಸೆಯಿಲ್ಲ.

ಉಳಿದ ನಂಬಿಕೆಗಳಿಗೆ ಒಂದೆರಡು ಮಾತು ಸಾಕು. ಹುರುಳಿ, ಅವರೆ, ಬೇಳೆಯಿಂದ ಗೌಟ್ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಪಾಯ ಹೆಚ್ಚಿಸುವುದು ಮಾಂಸ, ಬಿಯರ್, ಸಕ್ಕರೆ ಪಾನೀಯಗಳು. ಯೂರಿಕ್ ಆಮ್ಲ ಹೆಚ್ಚಿದ್ದ ಮಾತ್ರಕ್ಕೆ ಗೌಟ್ ಇದೆಯೆಂದಲ್ಲ. ಎಳನೀರು ಗೌಟ್ ವಾಸಿ ಮಾಡುವುದಿಲ್ಲ. ಮೂತ್ರಪಿಂಡ ದುರ್ಬಲವಿದ್ದು ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರಿಗೆ ಎಳನೀರಿನ ಪೊಟ್ಯಾಸಿಯಂ ಹೃದಯಕ್ಕೇ ತೊಂದರೆ ತರಬಹುದು.

ಕೊಬ್ಬರಿಯನ್ನು ಒಡೆದು ನೋಡದೆ ಕೊಳ್ಳದ ಜನ ಔಷಧಿಯ ವಿಷಯದಲ್ಲಿ ಮಾತ್ರ ಪಕ್ಕದ ಮನೆಯವರ ಮಾತಿಗೇ ಮರುಳಾಗುವುದು ನೋವಿನ ಸಂಗತಿ. ಹೆಬ್ಬೆರಳು ಊದಿದರೆ ಮಾತ್ರೆ ನಿಲ್ಲಿಸಬೇಡಿ. ಪಟ್ಟಿಯ ಸಮೇತ ವೈದ್ಯರ ಬಳಿ ಹೋಗಿ, ಬೇರೆ ಮಾತ್ರೆ ಸಾಧ್ಯವೇ ಎಂದು ಕೇಳಿ.