ಮನೆಪಾಠಕ್ಕೆ ಯಾವ ಗಣಿತ ಪುಸ್ತಕ?

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಅನೇಕ ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುತ್ತಾರೆ. 1993ರ ವೇಳೆಗೆ ಅಲ್ಲಿನ 50 ರಾಜ್ಯಗಳಲ್ಲಿಯೂ ಇದಕ್ಕೆ ಕಾನೂನಿನ ಸಮ್ಮತಿ ದೊರೆತಿದ್ದಿತು. ಗಣಿತದ ಪಠ್ಯಕ್ರಮವನ್ನು ಆರಿಸುವುದು ಇವರಿಗೊಂದು ದೊಡ್ಡ ತೊಡಕು.

52ರಿಂದ 27ನ್ನು ಕಳೆಯುವ ಲೆಕ್ಕವನ್ನೇ ನೋಡೋಣ. ಕೆಲವು ಮಕ್ಕಳು 35 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯಲ್ಲ, 2ರಲ್ಲಿ 7 ಹೋಗದೆಂದು 7ರಲ್ಲಿ 2ನ್ನು ಕಳೆದಿರುತ್ತಾರೆ. ಅವರು ಕಂಡುದು ಅಂಕೆಗಳನ್ನು, ಅವು ಸೂಚಿಸುವ ಪರಿಮಾಣವನ್ನಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮಗುವಿನ ಕೈಗಿತ್ತು 27 ಕಡ್ಡಿಗಳನ್ನು ಕೇಳಿದರೆ, ಅದು ಒಂದು ಕಟ್ಟನ್ನು ಬಿಚ್ಚಲೇಬೇಕಾಗುತ್ತದೆ. ಆಗ ಬಿಡಿಗಳು 12. ಎರಡು ಕಟ್ಟು, ಏಳು ಬಿಡಿ ಕೊಟ್ಟ ಮೇಲೆ ಉಳಿಯುವುದು ಎರಡು ಕಟ್ಟು, ಐದು ಬಿಡಿ, ಎಂದರೆ 25. ‘ದಶಕ ತೆಗೆದುಕೊಳ್ಳುವುದು’ ಎಂಬುದರ ಅರ್ಥವೆಲ್ಲ ಬಿಚ್ಚಿದ ಆ ದಾರದಲ್ಲಿದೆ!

ಮೊದಲು ಕ್ರಿಯೆ, ಬಳಿಕ ಚಿತ್ರ, ಕಡೆಗೆ ಸಂಕೇತ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1966ರ ತನ್ನ ಗ್ರಂಥದಲ್ಲಿ ವಿವರಿಸಿದ ಈ ಕ್ರಮವನ್ನು ಸಿಂಗಪುರವು 1980ರ ದಶಕದಲ್ಲಿ ತನ್ನ ಪ್ರಾಥಮಿಕ ಪಠ್ಯಗಳಲ್ಲಿ ಅಳವಡಿಸಿತು. ಅಮೆರಿಕದ ಮನೆಪಾಠದ ಕುಟುಂಬಗಳು ಆ ಪಠ್ಯಗಳನ್ನು ತರಿಸಿಕೊಂಡದ್ದು ಸಹಜವೇ ಸರಿ.

ಮಗ್ಗಿಯ ಬಾಯಿಪಾಠ ಬೇಡವೆಂದಲ್ಲ. ಏಳೆಂಟಲ ಎಷ್ಟೆಂದು ಪ್ರತಿಸಲವೂ ಎಣಿಸುವ ಮಗು ಭಾಗಾಕಾರದಲ್ಲಿ ಬಳಲುವುದು.

ಕೊಳ್ಳುವ ಮುನ್ನ ಪುಸ್ತಕದ ವ್ಯವಕಲನದ ಪುಟವನ್ನು ತೆರೆದು ನೋಡಬೇಕು. ಅಲ್ಲಿ ನಿಯಮವೊಂದೇ ಇದ್ದರೆ, ಕಡ್ಡಿಗಳನ್ನು ಕಟ್ಟುವ ಕೆಲಸ ತಾಯಿತಂದೆಯರ ಪಾಲಿಗೆ ಬರುತ್ತದೆ.