ಪ್ಲೈವುಡ್ ದೋಣಿ: ಗರಗಸ ಹಿಡಿಯುವ ಮುನ್ನ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮ ಕೊಣ್ಣೂರಿಗೆ ನೀರು ನುಗ್ಗಿದ್ದು ನಿಮಗೆಲ್ಲ ನೆನಪಿರಬಹುದು. ನದಿ ದಂಡೆಯ ಊರಾದರೂ ಅಂದು ನಮ್ಮ ಓಣಿಯಲ್ಲಿ ಒಂದೂ ದೋಣಿ ಇರಲಿಲ್ಲ. ಬಡಿಗತನ ಮಾಡುವ ನನ್ನ ಮಾಮಾ ಈ ಸಲ ರಜೆಯಲ್ಲಿ ಚಿಕ್ಕದೊಂದು ಪ್ಲೈವುಡ್ ದೋಣಿಗೆ ಕೈ ಹಾಕಿದರು. ಅವರ ಜೊತೆ ನಿಂತು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಈ ವಿಧಾನಕ್ಕೆ 'ಹೊಲಿದು ಅಂಟಿಸುವುದು' ಎನ್ನಬಹುದು. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಎಪಾಕ್ಸಿ ಅಂಟು ಮತ್ತು ಫೈಬರ್ ಗ್ಲಾಸ್ ಪಟ್ಟಿ ಹಾಕುತ್ತಾರೆ. 1960ರ ದಶಕದಲ್ಲಿ ಇಂಗ್ಲೆಂಡಿನ 'ಮಿರರ್' ಎಂಬ ದೋಣಿಯ ಕಿಟ್ ಈ ವಿಧಾನವನ್ನು ಮನೆಮನೆಗೆ ತಲುಪಿಸಿತು. ಇದರಲ್ಲಿ ಹಲಗೆ ಕೂರಿಸಲು ಮೊದಲೇ ಕಟ್ಟಿದ ಚೌಕಟ್ಟು ಇರುವುದಿಲ್ಲ. ಆದ್ದರಿಂದ ದೋಣಿಯ ಆಕಾರವೆಲ್ಲ ಹಲಗೆ ಕತ್ತರಿಸುವುದರಲ್ಲೇ ಅಡಗಿದೆ.

ಮೊದಲು ಹಲಗೆಯ ಆಯ್ಕೆ. ನೀರಿಗೆ ಐ.ಎಸ್. 710 ಗುರುತಿನ ಮರೈನ್ ಪ್ಲೈವುಡ್ ಬೇಕು. ಸಾಮಾನ್ಯ ಹಾಳೆ 8 ಅಡಿ ಉದ್ದ, 4 ಅಡಿ ಅಗಲ ಇರುತ್ತದೆ. ದೋಣಿ ಇದಕ್ಕಿಂತ ಉದ್ದವಾದರೆ ಎರಡು ಹಾಳೆಗಳ ತುದಿಯನ್ನು ಓರೆಯಾಗಿ ಸವರಿ ಬೆಸೆಯಬೇಕು. ಈ ಓರೆ ದಪ್ಪದ ಎಂಟು ಪಟ್ಟು ಇರಬೇಕು. ಅಂದರೆ 6 ಮಿ.ಮೀ. ಹಲಗೆಗೆ 48 ಮಿ.ಮೀ.

ಎರಡನೆಯದು ಗೆರೆ. ನಕ್ಷೆಯ ಬಿಂದುಗಳಲ್ಲಿ ಸಣ್ಣ ಮೊಳೆ ಹೊಡೆದು, ತೆಳುವಾದ ಮರದ ಪಟ್ಟಿಯನ್ನು ಅವುಗಳಿಗೆ ತಾಗಿಸಿ ಬಾಗಿಸಿದರೆ ನಯವಾದ ವಕ್ರರೇಖೆ ಸಿಗುತ್ತದೆ. ಪಟ್ಟಿ ಎಲ್ಲಾದರೂ ಗೂನಾಗಿ ಕಂಡರೆ ಆ ಬಿಂದುವಿನ ಅಳತೆಯನ್ನು ಮತ್ತೊಮ್ಮೆ ನೋಡಬೇಕು.

ಮೂರನೆಯದು ಕತ್ತರಿಸುವುದು. ಜಿಗ್‌ಸಾ ಯಂತ್ರದ ಹಲ್ಲು ಸಾಮಾನ್ಯವಾಗಿ ಮೇಲಕ್ಕೆ ಬರುವಾಗ ಕತ್ತರಿಸುತ್ತದೆ, ಹಾಗಾಗಿ ಸಿಬಿರು ಏಳುವುದು ಮೇಲ್ಮೈಯಲ್ಲಿ. ಗೆರೆಯ ಮೇಲೆ ಕಾಗದದ ಟೇಪ್ ಅಂಟಿಸಿದರೆ ಸಿಬಿರು ಕಡಿಮೆ. ಹಲಗೆಯ ಎರಡೂ ಕಡೆ ಆಧಾರ ಕೊಡಿ. ಇಲ್ಲದಿದ್ದರೆ ಕೊನೆಯಲ್ಲಿ ತುಂಡು ತೂಗಿ ಮುರಿಯುತ್ತದೆ. ಗೆರೆಯ ಮೇಲೆ ಕೊಯ್ಯಬಾರದು, 2 ಮಿ.ಮೀ. ಹೊರಗೆ ಕೊಯ್ಯಬೇಕು. "ಕೊಯ್ದದ್ದನ್ನು ಮತ್ತೆ ಕೊಯ್ಯಬಹುದು, ಬೆಳೆಸೋಕೆ ಬರೋದಿಲ್ಲ" ಎನ್ನುತ್ತಾರೆ ಮಾಮಾ.

ನಾಲ್ಕನೆಯದು ಅಂಚು ಸವರುವುದು. ಎಡ ಬಲದ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಕ್ಲ್ಯಾಂಪ್‌ನಿಂದ ಬಿಗಿದು, ಎರಡನ್ನೂ ಒಟ್ಟಿಗೇ ರಂದಾದಿಂದ ಗೆರೆಯವರೆಗೆ ಸವರಬೇಕು. ಆಗ ಎರಡೂ ಒಂದೇ ಅಳತೆಗೆ ಬರುತ್ತವೆ. ಒಂದು ಬದಿ ಹೆಚ್ಚು ಕಡಿಮೆಯಾದರೆ ದೋಣಿ ತಿರುಚಿಕೊಂಡು, ನೇರ ಹೋಗದೆ ಪಕ್ಕಕ್ಕೆ ಎಳೆಯುತ್ತದೆ. ಪದರಗಳು ಕಾಣುವ ಅಂಚು ನೀರು ಹೀರುವುದರಿಂದ ಅಲ್ಲಿಗೆ ಎಪಾಕ್ಸಿ ತಪ್ಪದೆ ಹಚ್ಚಬೇಕು. ಕೊಯ್ಯುವಾಗ, ಉಜ್ಜುವಾಗ ಮಾಸ್ಕ್ ಮತ್ತು ಕನ್ನಡಕ ಇರಲಿ.

ಭೌತಶಾಸ್ತ್ರದ ಆರ್ಕಿಮಿಡೀಸ್ ತತ್ವ ಇಲ್ಲಿ ಕೆಲಸಕ್ಕೆ ಬಂತು. 2 ಮೀಟರ್ ಉದ್ದ, 0.9 ಮೀಟರ್ ಅಗಲದ ಚಪ್ಪಟೆ ತಳ 10 ಸೆಂ.ಮೀ. ಮುಳುಗಿದರೆ 0.18 ಘನ ಮೀಟರ್ ನೀರು ಸರಿಯುತ್ತದೆ. ಅಂದರೆ ದೋಣಿಯ ತೂಕವೂ ಸೇರಿ ಒಟ್ಟು 180 ಕೆ.ಜಿ. ಇಬ್ಬರು ಕೂರಬಹುದು, ಇಡೀ ಮನೆಯವರು ಕೂರುವಂತಿಲ್ಲ.

ಈ ಲೆಕ್ಕ ನಿಂತ ನೀರಿನದು. ಪ್ರವಾಹದ ಸೆಳೆತಕ್ಕೆ ಇಂಥ ದೋಣಿ ತಡೆಯುವುದಿಲ್ಲ. ಕೆರೆಯಲ್ಲಿ ಪರೀಕ್ಷಿಸುವಾಗಲೂ ಲೈಫ್ ಜಾಕೆಟ್ ಇರಲಿ, ದಡದಲ್ಲಿ ಹಗ್ಗ ಹಿಡಿದ ಹಿರಿಯರಿರಲಿ. ಹೊಳೆ ಏರಿದಾಗ ಮಾತ್ರ ದೋಣಿ ಬಿಟ್ಟು ಎತ್ತರದ ಜಾಗಕ್ಕೆ ನಡೆಯುವುದೇ ಜಾಣತನ.